ಬೀಗರೂರಿನ ಕೊನೇ ಸುತ್ತು

ಐವತ್ತೆರಡನೇ ವಯಸ್ಸಿನಲ್ಲಿ ಮರಿಸ್ವಾಮಿಗೆ ಸೈಕಲ್ ರೇಸಿನ ಹುಚ್ಚು ಹಿಡಿದಿದ್ದಕ್ಕೆ ಹೆಂಡತಿ ಗಂಗಾಂಬಿಕಾಳೇ ಕಾರಣ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಹೊಸಪೇಟೆಯ ಮನೆಗೆ ಬಂದವನು ಒಂದು ದಿನ ಟ್ಯೂಬ್‌ಲೈಟ್ ಬದಲಿಸಲು ಸ್ಟೂಲು ಹತ್ತಿದ. "ಇಳೀರಿ, ನಿಮ್ಮ ಕೈಲಿ ಆಗಂಗಿಲ್ಲ" ಎಂದಳು ಆಕೆ. ಆ ಮಾತು ಎದೆಗೆ ನಾಟಿತು. ಮುಂದಿನ ವಾರವೇ ಅವನು ಊರಿನ ಸೈಕ್ಲೋಕ್ರಾಸ್ ಸಂಘ ಸೇರಿದ.

ಸೈಕ್ಲೋಕ್ರಾಸ್ ಎಂದರೆ ಕೆಸರು, ಮರಳು, ದಿಬ್ಬಗಳಲ್ಲಿ ಸೈಕಲ್ ತುಳಿಯುವುದು. ತುಳಿಯಲಾಗದ ಕಡೆ ಇಳಿದು ಅದನ್ನೇ ಹೆಗಲ ಮೇಲೆ ಹೊತ್ತು ಓಡುವುದು. (ಡಾಂಬರು ರಸ್ತೆ ಪಕ್ಕದಲ್ಲೇ ಇರುತ್ತದೆ. ಅದರಲ್ಲಿ ಹೋಗುವಂತಿಲ್ಲ.) ಮುಂದಿರುವವನು ಒಂದು ಸುತ್ತು ಹೆಚ್ಚಾಗಿ ಹೊಡೆದು ನಮ್ಮನ್ನು ದಾಟಿದನೋ, ಸೀಟಿ ಊದಿ ಹೊರಗೆ ಹಾಕುತ್ತಾರೆ. ಪಟ್ಟಿಯಲ್ಲಿ ಹೆಸರಿನ ಮುಂದೆ ಸ್ಥಾನದ ಅಂಕಿಯ ಬದಲು ಒಂದು ಗೀಟು ಬೀಳುತ್ತದೆ.

ಆ ಚಳಿಗಾಲದಲ್ಲಿ ಮೂರು ಸ್ಪರ್ಧೆ. ಸಂಡೂರಿನ ಗುಡ್ಡದಲ್ಲಿ ಮರಿಸ್ವಾಮಿಗೆ ಎರಡನೇ ಸುತ್ತಿಗೇ ಸೀಟಿ. ಮನೆಗೆ ಬಂದಾಗ ಅದಿರಿನ ಧೂಳಿಗೆ ಹಲ್ಲೊಂದು ಬಿಟ್ಟು ಮಿಕ್ಕೆಲ್ಲ ಕೆಂಪಾಗಿತ್ತು. ಹಂಪಿಯಾಚೆಯ ಬಂಡೆಗಳಲ್ಲಿ ಮೂರನೇ ಸುತ್ತಿಗೆ. ಮೊಣಕಾಲು ಬೇರೆ ಒಡೆಯಿತು. ಎರಡು ಗೀಟು! ಕೊನೆಯ ಸ್ಪರ್ಧೆಯನ್ನಾದರೂ ಪೂರ್ತಿ ಮುಗಿಸಬೇಕು, ಹೆಸರಿನ ಮುಂದೆ ಎಷ್ಟನೆಯದಾದರೂ ಸರಿ ಒಂದು ಅಂಕಿ ಬೀಳಬೇಕು. ಅವನಿಗೆ ಬೇಕಾದದ್ದು ಅಷ್ಟೇ. ಅದಕ್ಕಾಗಿ ಎರಡು ತಿಂಗಳು ಮಿರ್ಚಿ ಬಜ್ಜಿ ಬಿಟ್ಟ. ಹೊಸಪೇಟೆಯವನು ಮಿರ್ಚಿ ಬಿಡುವುದೆಂದರೆ ಸನ್ಯಾಸವೇ.

ಆ ಕೊನೆಯ ಸ್ಪರ್ಧೆ ಮೆಟ್ರಿಯ ಗದ್ದೆಗಳಲ್ಲಿ. ಮೆಟ್ರಿ ಎಂದರೆ ಮಗಳು ಸೌಜನ್ಯಳನ್ನು ಕೊಟ್ಟ ಊರು.

"ಬೀಗರ ಊರಾಗ ಚಡ್ಡಿ ಹಾಕ್ಕೊಂಡು ಕೆಸರಾಗ ಓಡ್ತೀರೇನ್ರಿ? ನನ್ನ ಮಾನ ಏನಾಗ್ಬೇಕು?" ಎಂದಳು ಗಂಗಾಂಬಿಕಾ.

"ಚಡ್ಡಿ ಅಲ್ಲ ಅದು, ರೇಸಿನ ಡ್ರೆಸ್."

"ಡ್ರೆಸ್ಸಂತ! ಹೊಟ್ಟಿ ಎಲ್ಲಾ ಎದ್ದು ಕಾಣ್ತದ."

"ಕಾಣ್ಲಿ! ಬೀಗರ್ನೆಲ್ಲಾ ಕರೀತೀನಿ. ನೀನೂ ಬಂದು ನೋಡು!"

ಕರೆದೇಬಿಟ್ಟ, ಹುಂಬ.

ಬೀಗರ ಮನೆಮಂದಿಯೆಲ್ಲ ಬದುವಿನ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಂದು ಮರಿಸ್ವಾಮಿಯ ಮೈಯಲ್ಲಿ ಯಾರು ಹೊಕ್ಕಿದ್ದರೋ, ನಾಲ್ಕು ಸುತ್ತು ಕಳೆದರೂ ಸೀಟಿ ಇಲ್ಲ. ಐದನೆಯದೇ ಕೊನೆಯದು. ಹಿಂದೆ ಇನ್ನೂ ಇಬ್ಬರಿದ್ದರು (ಒಬ್ಬನ ಚೈನು ತುಂಡಾಗಿತ್ತು, ಇರಲಿ). ಉಳಿದದ್ದು ಒಂದೇ ಕೆಸರುಗದ್ದೆ. ಸೈಕಲ್ಲನ್ನು ಹೆಗಲಿಗೇರಿಸಿ, ಮೊಣಕಾಲುದ್ದ ಹೂತುಹೋಗುತ್ತ, ಏದುಸಿರು ಬಿಡುತ್ತ ಹೊರಟ.

ಬದುವಿನ ಮೇಲೆ ಗುಸುಗುಸು ಶುರುವಾಯಿತು. ಊರಿಗೆ ಬಂದ ಬೀಗರು ಹೊರೆ ಹೊರುವುದನ್ನು ನೋಡುತ್ತ ಕೂರುವ ಪದ್ಧತಿ ಅಲ್ಲಿಲ್ಲ.

"ಏ ವೀರೇಶಾ, ನಿಮ್ಮ ಮಾವಾರು ಹೊತ್ಕೊಂಡು ಹೊಂಟಾರ, ನೀ ಕುರ್ಚಿ ಮ್ಯಾಲ ಕುಂತೀಯಲ್ಲಲೇ!" ಎಂದು ಬೀಗ ಚನ್ನಯ್ಯನವರು ಮಗನನ್ನು ಗದರಿದರು.

ಅಳಿಯ ವೀರೇಶ್ ಪಂಚೆ ಎತ್ತಿಕಟ್ಟಿ ಗದ್ದೆಗೆ ಹಾರಿದ. "ಕೊಡ್ರಿ ಮಾವ, ನಾ ಹೊರ್ತೀನಿ."

"ಬ್ಯಾಡ್ರೀ! ಮುಟ್ಟಬ್ಯಾಡ್ರಿ! ರೂಲ್ಸ್ ಐತಿ!"

"ನಮ್ಮೂರಾಗ ಎಂಥಾ ಸಂಕೋಚ ಮಾವ, ಬಿಡ್ರಿ!"

ಬೇಡ ಬೇಡ ಎಂದಷ್ಟೂ ಅದು ಬೀಗರ ಉಪಚಾರದ ಮಾತೆಂದೇ ಎಲ್ಲರಿಗೂ ಕಂಡಿತು. ವೀರೇಶ್ ಸೈಕಲ್ ಕಿತ್ತುಕೊಂಡವನೇ, ಹುಟ್ಟಿದಾಗಿನಿಂದ ಓಡಾಡಿದ ಗದ್ದೆಯಲ್ಲಿ ಮುಂದಿದ್ದ ಮೂವರನ್ನು ಹಿಂದೆ ಹಾಕಿ ಗೆರೆ ದಾಟಿದ. ಊರೇ ಚಪ್ಪಾಳೆ ತಟ್ಟಿತು.

ಸಂಘದ ಕಾರ್ಯದರ್ಶಿ ಕನಕರಾಜ್ ಸೀಟಿ ಊದಿದ. ಹೊರಗಿನವರ ಸಹಾಯ ಪಡೆದಿದ್ದಕ್ಕೆ ಅನರ್ಹ. ಮೂರನೇ ಗೀಟು.

"ನಾ ಕೇಳಿಲ್ರೀ ಸಹಾಯ! ಕಸ್ಕೊಂಡು ಓಡಿದ್ರು!" ಎಂದು ಮರಿಸ್ವಾಮಿ ಕೂಗಿದ. ಮುಖದ ತುಂಬ ಕೆಸರಿದ್ದುದರಿಂದ ಅತ್ತದ್ದು ಯಾರಿಗೂ ಕಾಣಲಿಲ್ಲ. ಕನಕರಾಜ್ ಆಗಲೇ ಮುಂದಿನ ವರ್ಷಕ್ಕೆ ವೀರೇಶನ ಹೆಸರು ಬರೆದುಕೊಳ್ಳುತ್ತಿದ್ದ.

"ಭಾಳ ಹಗುರ ಐತ್ರಿ ಸೈಕಲ್ಲು," ಎಂದ ವೀರೇಶ್.

"ಇಟ್ಕೊಳ್ರಿ ನೀವ," ಎಂದಳು ಗಂಗಾಂಬಿಕಾ ಥಟ್ಟನೆ. "ಇವ್ರಿಗೆ ಯಾತಕ್ಕ ಬೇಕದು?"

ಅಳಿಯನಿಗೆ ಕೊಟ್ಟದ್ದನ್ನು ವಾಪಸು ಕೇಳುವುದು ಹೇಗೆ? ಮರಿಸ್ವಾಮಿ ಹಲ್ಲು ಕಚ್ಚಿಕೊಂಡು ನಕ್ಕ.

ಹೊರಡುವಾಗ ಬೀಗತಿ ಹೊಸ ಅಕ್ಕಿಯ ಇಪ್ಪತ್ತೈದು ಕಿಲೋ ಚೀಲ ಕೊಟ್ಟರು. ಬಸ್‌ಸ್ಟಾಪು ಊರಾಚೆ. ವೀರೇಶ್ ಸೈಕಲ್ಲಿನಲ್ಲಿ ಊರು ಸುತ್ತಲು ಹೋಗಿದ್ದ; ಅದನ್ನು ನೋಡಲು ಬೀಗರೆಲ್ಲ ಅವನ ಹಿಂದೆ. ಮರಿಸ್ವಾಮಿ ಚೀಲವನ್ನು ಹೆಗಲಿಗೇರಿಸಿ ನಡೆದ. ನಾಲ್ಕು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡಿದ. ಒಬ್ಬನೂ ಓಡಿ ಬರಲಿಲ್ಲ.

"ಜಲ್ದಿ ಬರ್ರಿ, ಬಸ್ ಹೋಗ್ತದ!" ಕೈಬೀಸಿಕೊಂಡು ಮುಂದೆ ಹೋಗುತ್ತಿದ್ದ ಗಂಗಾಂಬಿಕಾ ಕೂಗಿದಳು. "ಅಷ್ಟು ದಿನ ಪ್ರಾಕ್ಟೀಸ್ ಮಾಡೀರಿ, ಒಂದು ಚೀಲ ಹೊತ್ಕೊಂಡು ಓಡಾಕ ಬರಂಗಿಲ್ಲೇನು?"