ಫ್ರಿಜ್ಜಿಗೆ ಅಂಟಿದ ಕಿವಿ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಕನ್ನಡಕ ಒರೆಸಿಕೊಂಡು, ಕಾಫಿ ಕುಡಿದು ಎದ್ದುಹೋಗಿದ್ದೇನೆ. ಹೈಸ್ಕೂಲು ಓದಿದವನಿಗೆ ಬರವಣಿಗೆ ಯಾಕೆ ಎನ್ನುವುದು ನನ್ನ ನೆಪ. ನಿಜವಾದ ಕಾರಣ ಬೇರೆ ಇದೆ. ಅದಕ್ಕೂ ಮೊದಲು ಅತ್ತಿಗೆಯ ವಿಷಯ ಹೇಳಿಬಿಡುತ್ತೇನೆ, ಅದು ಸುಲಭ.

ನನ್ನ ಅಣ್ಣನ ಹೆಂಡತಿ ತಮ್ಮ ಕಿವಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಸ್ನಾನಕ್ಕೆ ಹೋಗುತ್ತಾರೆ ಎಂದರೆ ನಂಬುತ್ತೀರಾ? ಮಾರೇನಹಳ್ಳಿಯ ನಮ್ಮ ಮನೆಗೆ ಬನ್ನಿ, ತೋರಿಸುತ್ತೇನೆ. ಕೆಳಗೆ ನಾವು, ಮಹಡಿಯಲ್ಲಿ ಅವರು.

ಅತ್ತಿಗೆಗೆ ನಡುವಯಸ್ಸಿನಲ್ಲೇ ಕಿವಿ ಮಂದವಾಗಿ, ಆಮೇಲೆ ಪೂರ್ತಿ ಹೋಯಿತು. ಬೇರೆಯವರಾಗಿದ್ದರೆ ಮೌನವಾಗುತ್ತಿದ್ದರು. ಇವರು ತದ್ವಿರುದ್ಧ. ತಾವೇ ಮಾತಾಡುತ್ತಿದ್ದರೆ ಇನ್ನೊಬ್ಬರದನ್ನು ಕೇಳುವ ತಾಪತ್ರಯವೇ ಇಲ್ಲವೆಂದು ಕಂಡುಕೊಂಡರು. ಸಾವಿನ ಮನೆಗೆ ಹೋದರೆ ಅಲ್ಲಿಯವರಿಗೆ ಅಳುವುದಕ್ಕೂ ಬಿಡುವು ಕೊಡುತ್ತಿರಲಿಲ್ಲ!

ಅಣ್ಣ ಕಮ್ಮಿ ಮಾತಿನವನು. ಆದರೆ ಸಂಜೆ ಮನೆಗೆ ಬಂದೊಡನೆ ಮೆಟ್ಟಿಲ ಬುಡದಲ್ಲಿ ನಿಂತು ಹೆಂಡತಿಯ ಹೆಸರು ಹಿಡಿದು ಕೂಗುತ್ತಿದ್ದ.

“ಯಾರಿಗೆ ಕೂಗ್ತೀಯೋ, ಗೋಡೆಗಾ?” ಎಂದು ನಾನು ರೇಗಿಸುತ್ತಿದ್ದೆ.

“ಅಭ್ಯಾಸ ಕಣೋ,” ಎನ್ನುತ್ತಿದ್ದ.

ಉಳಿದ ನಮಗೆಲ್ಲ ಅತ್ತಿಗೆಯ ಕಿವುಡು ದೊಡ್ಡ ಅನುಕೂಲವೇ ಆಗಿತ್ತು. ಅವರ ಎದುರಿಗೇ ಕುಳಿತು, ಅವರು ಮಾಡಿದ ಚಿತ್ರಾನ್ನ ತಿನ್ನುತ್ತಾ, ಅವರನ್ನೇ ಆಡಿಕೊಳ್ಳುವ ಸುಖ ಎಲ್ಲರಿಗೂ ಸಿಗುತ್ತದೆಯೇ?

ಹಾಗಿರುವಾಗ ಅವರು ಕಿವಿಯ ಆಪರೇಷನ್‌ಗೆ ಹೊರಟರು. ತಲೆಯೊಳಗೆ ಒಂದು ಪುಟ್ಟ ಯಂತ್ರ ಇಡುತ್ತಾರೆ. ಹೊರಗಿನ ಇನ್ನೊಂದು ಕೂದಲ ಮರೆಯಲ್ಲಿ ಅಯಸ್ಕಾಂತದಿಂದ ಅದಕ್ಕೆ ಅಂಟಿಕೊಳ್ಳುತ್ತದೆ. “ಈ ವಯಸ್ಸಲ್ಲಿ ತಲೆ ಕೊರೆಸ್ಕೊಳ್ಳೋದಾ? ಇದೆಲ್ಲ ನಡೆಯಲ್ಲ,” ಎಂದು ನಾನು ಮನೆಯವರ ಮುಂದೆಲ್ಲ ತೀರ್ಪು ಕೊಟ್ಟೆ.

ಯಂತ್ರ ಚಾಲೂ ಆದಾಗ ಅತ್ತಿಗೆಗೆ ಮಾತು ಮಾತಿನಂತೆ ಕೇಳಲಿಲ್ಲ. ಕೇಳಿದ್ದನ್ನು ಮುಚ್ಚಿಡುವವರೂ ಅವರಲ್ಲ. “ಎಲ್ಲಾರೂ ಡಬ್ಬದೊಳಗೆ ಕೂತು ಮಾತಾಡ್ದಂಗಿದೆ ಕಣಪ್ಪ. ನಿನ್ನ ಹೆಂಡ್ತಿ ಥೇಟ್ ನೊಣ,” ಎಂದರು. ನನ್ನವಳು ವಾರವಿಡೀ ಮಹಡಿ ಹತ್ತಲಿಲ್ಲ. ಅತ್ತಿಗೆ ಮಾತ್ರ ಲೈಟಿನ ಸ್ವಿಚ್ಚನ್ನು ಹಾಕಿ, ಆರಿಸಿ, ಅದರ ಸದ್ದಿಗೆ ತಲೆದೂಗುತ್ತಾ ಓಡಾಡಿದರು.

ಆಮೇಲೆ ಅದರ ಇನ್ನೊಂದು ಉಪಯೋಗ ಗೊತ್ತಾಯಿತು. ದಾವಣಗೆರೆಯ ನೆಂಟರೊಬ್ಬರು ತಮ್ಮ ಸಕ್ಕರೆ ಕಾಯಿಲೆಯ ಪುರಾಣ ತೆಗೆದಾಗ, ಅತ್ತಿಗೆ ಕಿವಿ ಕಿತ್ತು ಫ್ರಿಜ್ಜಿಗೆ ಅಂಟಿಸಿ, “ಹೇಳಿ ಹೇಳಿ, ಕೇಳಿಸ್ಕೋತಾ ಇದೀನಿ,” ಎಂದು ಎದುರು ಕುಳಿತರು.

ಆಸ್ಪತ್ರೆಯಲ್ಲಿ ಕಿವಿಗೆ ಅಭ್ಯಾಸ ಮಾಡಿಸುವ ಹುಡುಗಿಯೊಬ್ಬಳಿದ್ದಳು. ಅವಳ ಕೈಯಲ್ಲಿ ತಿಂಗಳುಗಟ್ಟಲೆ ಕಲಿತು ಅತ್ತಿಗೆಗೆ ಮಾತುಗಳು ಒಂದೊಂದಾಗಿ ಬಿಡಿಸಿ ಕೇಳತೊಡಗಿದ್ದವು. ಇನ್ನು ಮನೆಯಲ್ಲೂ ದಿನಾ ಯಾರಾದರೂ ಒಂದೊಂದೇ ವಾಕ್ಯ ಓದಬೇಕು, ಅತ್ತಿಗೆ ತಿರುಗಿ ಹೇಳಬೇಕು, ಓದಿದವರು ಸರಿಯೋ ತಪ್ಪೋ ತಿಳಿಸಬೇಕು ಎಂದಳು. ಅಣ್ಣನಿಗೆ ಉಬ್ಬಸ. “ನಂಗೆ ಕಿವಿ ಕೇಳಿಸ್ತಿದ್ದಾಗ ನಿಮ್ಮಿಬ್ಬರ ಗಂಟಲೂ ಒಂದೇ ಥರ ಇತ್ತು, ನೀನೇ ಓದು,” ಎಂದು ಅತ್ತಿಗೆ ನನ್ನನ್ನು ಆರಿಸಿದರು.

“ಓದುವಾಗ ಬಾಯಿಗೆ ಏನಾದ್ರೂ ಅಡ್ಡ ಹಿಡ್ಕೊಳ್ಳಿ ಸಾರ್,” ಎಂದಳು ಹುಡುಗಿ. “ಆಂಟಿಗೆ ತುಟಿ ನೋಡೇ ಎಲ್ಲಾ ಗೊತ್ತಾಗುತ್ತೆ.”

ಎಲ್ಲಾ? ಚಿತ್ರಾನ್ನ ತಿನ್ನುತ್ತಾ ನಾವು ಆಡಿಕೊಂಡದ್ದೂ? ಅತ್ತಿಗೆ ಕಿಟಕಿಯ ಆಚೆ ನೋಡುತ್ತಿದ್ದರು.

ನಾಚಿಕೆಯಾಗಬೇಕಿತ್ತು. ನನಗೆ ಬಂದದ್ದು ಸಿಟ್ಟು. ಮರುದಿನ ನನ್ನ ವಾಕಿಂಗ್ ಗೆಳೆಯರು ಕಾಫಿಗೆ ಬಂದಿದ್ದರು. ಪೇಪರು ಬಾಯಿಗೆ ಅಡ್ಡ ಹಿಡಿದು, “ಲಗ್ಗೆರೆಯಲ್ಲಿ ನಾಳೆ ನೀರು ಬರುವುದಿಲ್ಲ” ಎಂದು ಓದಿದೆ. ಅತ್ತಿಗೆ ಒಂದಕ್ಷರ ಬಿಡದೆ ತಿರುಗಿ ಹೇಳಿದರು. ನಾನು ತಲೆ ಅಲ್ಲಾಡಿಸಿದೆ. “ತಪ್ಪು.”

ಗೆಳೆಯರು ನಕ್ಕರು. “ಇನ್ನೊಂದ್ಸಲ ಓದು,” ಎಂದರು ಅತ್ತಿಗೆ. ಓದಿದೆ. ಸರಿಯಾಗಿಯೇ ಹೇಳಿದರು. “ತಪ್ಪು.”

ಈ ಆಟ ದಿನವೂ ನಡೆಯಿತು. ಒಂದು ಬೆಳಿಗ್ಗೆ ಅತ್ತಿಗೆ, “ನನ್ನ ತಲೆಗೆ ಇದು ಹತ್ತಲ್ಲ ಬಿಡಪ್ಪ,” ಎಂದು ಯಂತ್ರವನ್ನು ತೆಗೆದು ಫ್ರಿಜ್ಜಿಗೆ ಅಂಟಿಸಿದರು. ಅದು ಅಲ್ಲೇ ಉಳಿಯಿತು. ನಾಳೆ ನಿಜ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಅಣ್ಣನ ಉಬ್ಬಸ ಹೆಚ್ಚಾಗಿ ಆಸ್ಪತ್ರೆ ಸೇರಿದ.

ಅವನ ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು. ಅದರೊಳಗಿಂದಲೇ ಹೆಂಡತಿಯನ್ನು ಹೆಸರು ಹಿಡಿದು ಕರೆದ. ನನಗೆ ಕೇಳಿಸಿತು. ಪಕ್ಕದಲ್ಲೇ ಕುಳಿತಿದ್ದ ಅತ್ತಿಗೆಗೆ ಕೇಳಿಸಲಿಲ್ಲ. ನೋಡೋಣವೆಂದರೆ ತುಟಿ ಕಾಣುತ್ತಿರಲಿಲ್ಲ. ಕಿವಿ ಮನೆಯಲ್ಲಿತ್ತು.

“ಏನಂದ್ರು?” ಎಂದು ನನ್ನ ಮುಖ ನೋಡಿದರು.

“ನಿಮ್ಮನ್ನೇ ಕರೆದ,” ಎಂದೆ. ಅಣ್ಣ ಮತ್ತೆ ಮಾತಾಡಲಿಲ್ಲ.

ಅಣ್ಣನ ತಿಥಿ ಕಾರ್ಯವೆಲ್ಲ ಮುಗಿದ ಮೇಲೆ ಅತ್ತಿಗೆ ಯಂತ್ರ ತೊಟ್ಟು, ನನ್ನನ್ನೂ ಕರೆದುಕೊಂಡು ಆ ಹುಡುಗಿಯ ಹತ್ತಿರ ಹೋದರು. ಅವಳು ಬಾಯಿ ಮರೆಮಾಡಿ ಓದಿದಳು. ಅತ್ತಿಗೆ ಸರಿಯಾಗಿ ತಿರುಗಿ ಹೇಳಿದರು. “ಚೆನ್ನಾಗೇ ಕೇಳಿಸ್ತಿದೆಯಲ್ಲ ಆಂಟಿ, ಯಾಕೆ ಬಿಟ್ರಿ?”

ಅತ್ತಿಗೆ ನನ್ನ ಕಡೆ ತಿರುಗಿದರು. “ಸೋಮಾರಿತನ ಕಣಮ್ಮ,” ಎಂದರು.

ಈಗ ಮತ್ತೆ ದಿನಾ ಓದುತ್ತೇನೆ. ಸರಿಯಿದ್ದರೆ ಸರಿ ಎನ್ನುತ್ತೇನೆ. ಕ್ಷಮಿಸಿ ಎನ್ನುವ ಒಂದು ಮಾತು ಮಾತ್ರ ಪೇಪರಿನ ಹಿಂದಿನಿಂದಲೂ ಬಂದಿಲ್ಲ.

ಮೊನ್ನೆ ಅತ್ತಿಗೆ ಪೇಪರನ್ನು ಕಿತ್ತು ಮಡಚಿಟ್ಟರು. “ಇದು ಸಾಕು. ನಿಮ್ಮಣ್ಣ ಮೆಟ್ಟಿಲ ಹತ್ರ ನಿಂತು ಕೂಗ್ತಿದ್ರಲ್ಲ, ಹಂಗೆ ಒಂದ್ಸಲ ಕೂಗು. ಗಂಟಲು ಒಂದೇ ಅಲ್ವಾ.”

“ನಿಮ್ಮ ಹೆಸರು ಹಿಡಿದು ನಾನು ಹೆಂಗೆ ಕೂಗ್ಲಿ ಅತ್ತಿಗೆ?”

“ಇನ್ಯಾರು ಕೂಗ್ತಾರೆ?”

ಕೆಳಗಿಳಿದು, ಅಣ್ಣ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಕೂಗಿದೆ.

“ಇನ್ನೊಂದ್ಸಲ,” ಎಂದರು ಅತ್ತಿಗೆ ಮಹಡಿಯಿಂದ.

“ನೀಲಾ.”