ಚುರುಕ್ ಅನ್ನದ ಕಲ್ಲುದಾರಿ

ನಮ್ಮ ಟೈಲ್ಸ್ ಮೇಸ್ತ್ರಿಗೆ ಈ ಲೋಕದ ಮೇಲೆ ಇದ್ದದ್ದು ಒಂದೇ ಒಂದು ದೂರು ನೋಡಿ. ಜನಕ್ಕೆ ಕಾಲಿದೆ, ಅಂಗಾಲಿಲ್ಲ. ಚಪ್ಪಲಿ ಹಾಕ್ಕೊಂಡು ಹಾಕ್ಕೊಂಡು ಎಲ್ಲರ ಪಾದಾನೂ ನೀರಲ್ಲಿ ನೆನೆಸಿದ ಬ್ರೆಡ್ಡಿನ ಥರ ಆಗಿಬಿಟ್ಟಿದೆ ಅಂತ ಅವರ ತೀರ್ಮಾನ. ಅವರದ್ದು ಮಾತ್ರ ಹಾಗಲ್ಲವಂತೆ. ಅದು ಬರೀ ಪಾದ ಅಲ್ಲ, ಸಾಕ್ಷಾತ್ ನ್ಯಾಯಪೀಠ.

ಬೇರೆ ಮೇಸ್ತ್ರಿಗಳೆಲ್ಲ ನೆಲ ಸಮ ಇದೆಯಾ ಅಂತ ನೋಡೋಕೆ ರಸಮಟ್ಟ ಇಡ್ತಾರೆ. (ಅದೇ, ಗಾಜಿನ ಕೊಳವೆ ಒಳಗೆ ಒಂದು ಗುಳ್ಳೆ ಅತ್ತ ಇತ್ತ ಓಡಾಡುತ್ತಲ್ಲ, ಅದು.) ನಮ್ಮವರು ಅದನ್ನ ಚೀಲದಿಂದ ಹೊರಗೇ ತೆಗೆಯಲ್ಲ. ಚಪ್ಪಲಿ ಬಿಟ್ಟು, ಪ್ಯಾಂಟ್ ಮಡಿಸಿ, ಕಣ್ಣು ಮುಚ್ಚಿ, ಕೈ ಹಿಂದೆ ಕಟ್ಟಿಕೊಂಡು ನೆಲದ ಮೇಲೆ ಒಂದು ಸುತ್ತು ಹಾಕ್ತಾರೆ. ಅಷ್ಟೇ, ತೀರ್ಪು ಬಂದಾಯ್ತು. ಮೂವತ್ತು ವರ್ಷದಿಂದ ಇದೇ ಪದ್ಧತಿ. ಯಾರ ಮನೆಗೆ ಊಟಕ್ಕೆ ಹೋದ್ರೂ ಕೂರೋಕೆ ಮುಂಚೆ, "ನಾಲ್ಕನೇ ಟೈಲು ಒಂದು ಕೂದಲೆಳೆ ಎದ್ದಿದೆಯಲ್ರೀ" ಅಂದುಬಿಡೋರು. ಪಕ್ಕದಲ್ಲಿದ್ದ ಹೆಂಡ್ತಿ ನಾಚಿಕೆಯಿಂದ ಭೂಮಿಗಿಳಿದು ಹೋಗೋರು. ಅದೇ ನಾಲ್ಕನೇ ಟೈಲಿನ ಸಂದಿಯಿಂದ.

ಹೆಂಡ್ತಿ ಅಂದ್ರೆ ಮನೇಲೇ ಮೆಷಿನ್ ಇಟ್ಕೊಂಡು ಬಟ್ಟೆ ಹೊಲಿಯೋರು. ಬೀದಿಗೆಲ್ಲ ಟೈಲರಮ್ಮ. ಎರಡು ಸಲ ಅಳತೆ ತಗೊಳ್ಳದೆ ಕತ್ತರಿ ಮುಟ್ಟೋರಲ್ಲ.

"ರೀ, ಆ ರಸಮಟ್ಟ ಒಂದ್ಸಲ ಇಟ್ಟು ನೋಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಉಪ್ಪು ಸರಿ ಇದೆಯಾ ಅಂತ ನೋಡೋಕೆ ನೀನು ತಕ್ಕಡಿ ಇಡ್ತೀಯೇನೇ?"

ಅಲ್ಲಿಗೆ ಟೈಲರಮ್ಮ ಹೋಗಿ ಮೆಷಿನ್ ತುಳಿಯೋರು. ಸ್ವಲ್ಪ ಜೋರಾಗೇ ತುಳಿಯೋರು.

ಹೀಗಿರುವಾಗ ಪಾರ್ಕ್ ಸಂಘದ ಕಾರ್ಯದರ್ಶಿ, ರಿಟೈರ್ಡ್ ಹೆಡ್‌ಮಾಸ್ಟ್ರು, ಯಾವುದೋ ರೆಸಾರ್ಟಿಗೆ ಹೋಗಿ ಬಂದ್ರು. ಅಲ್ಲಿ ಬರಿಗಾಲಲ್ಲಿ ನಡೆಯೋಕೆ ಅಂತಲೇ ಕಲ್ಲಿನ ದಾರಿ ಮಾಡಿದಾರಂತೆ. ಹೆಬ್ಬೆರಳ ಕೆಳಗೆ ಒತ್ತೋ ಕಲ್ಲು ತಲೆನೋವಿಗಂತೆ, ಹಿಮ್ಮಡಿ ಕೆಳಗಿಂದು ಸೊಂಟಕ್ಕಂತೆ, ನಡುವಿಂದು ಹೊಟ್ಟೆಗಂತೆ. ಪಕ್ಕದಲ್ಲಿ ಬೋರ್ಡ್ ಬೇರೆ.

"ನಮ್ಮ ಪಾರ್ಕಿಗೂ ಒಂದು ಬೇಕು ಮೇಸ್ತ್ರಿ. ನಲವತ್ತು ಅಡಿ ಸಾಕು. ಕಾಲಿಟ್ರೆ ಅಂಗಾಲಲ್ಲಿ ಸಣ್ಣಗೆ ಚುರುಕ್ ಅನ್ನಬೇಕು. ಅದೊಂದೇ ಷರತ್ತು."

"ಚುರುಕ್ ತಾನೇ? ಬಿಡಿ ಸಾರ್, ಅದು ನನ್ನ ಪಾದದ ಜವಾಬ್ದಾರಿ."

ಮೇಸ್ತ್ರಿ ಮೊದಲು ಮೂರಡಿ ಮಾದರಿ ಹಾಕಿದ್ರು. ಸಿಮೆಂಟಿನಲ್ಲಿ ನುಣ್ಣನೆ ಹೊಳೆಕಲ್ಲು, ಒಂದರ ಪಕ್ಕ ಒಂದು. ಒಣಗಿದ ಮೇಲೆ ಹತ್ತಿ ನಿಂತ್ರು. ಕಣ್ಣು ಮುಚ್ಚಿದ್ರು. ಕಾದ್ರು. ಊಹೂಂ, ಚುರುಕ್ ಇಲ್ಲ.

"ಹತ್ತಿ ಹಾಸಿಗೆ ಥರ ಇದೆಯಲ್ಲ" ಅಂತ ಕಿತ್ತು ಹಾಕಿದ್ರು. ಎರಡನೇ ಸಲ ಕಲ್ಲನ್ನ ಮೊಟ್ಟೆ ನಿಲ್ಲಿಸಿದ ಹಾಗೆ ನೆಟ್ಟಗೆ ನಿಲ್ಲಿಸಿದ್ರು. ಹತ್ತಿ ನಿಂತ್ರು. ಇಲ್ಲ. ಮೂರನೇ ಸಲ ಸುತ್ತಿಗೆ ತಗೊಂಡು ಬೆಣಚುಕಲ್ಲು ಒಡೆದು, ಒಡೆದ ಮೂಲೆ ಮೇಲೆ ಬರೋ ಹಾಗೆ ಕೂರಿಸಿದ್ರು. ಹತ್ತಿ ನಿಂತು, ಒಂದು ಕಾಲೆತ್ತಿ, ಇಡೀ ಮೈಭಾರ ಇನ್ನೊಂದರ ಮೇಲೆ ಹಾಕಿದಾಗ ಮಂಡಿ ಹತ್ರ ಎಲ್ಲೋ ಒಂಚೂರು ಚುರುಕ್ ಅಂದ ಹಾಗಾಯ್ತು.

"ಹಾಂ, ಈಗ ಬಂತು. ಈ ಕಾಲದ ಕಲ್ಲಿಗೂ ಸತ್ವ ಇಲ್ಲ ಬಿಡಿ" ಅಂದ್ರು.

ಇನ್ನೊಬ್ಬರನ್ನ ಹತ್ತಿಸಿ ನೋಡೋಣ ಅಂತ ಯಾರಿಗೂ ಹೊಳೀಲಿಲ್ಲ. ಮೇಸ್ತ್ರಿ ಕಾಲು ಸೈ ಅಂದ ಮೇಲೆ ಮಿಕ್ಕವರ ಕಾಲಿಗೇನು ಕೆಲಸ? ನಲವತ್ತಡಿಗೂ ಅದೇ ಮಾದರಿ ಬಿತ್ತು.

ಉದ್ಘಾಟನೆ ದಿನ ಕಾರ್ಯದರ್ಶಿ ಆರೋಗ್ಯದ ಬಗ್ಗೆ ಭಾಷಣ ಮಾಡಿ, ಬೂಟು ಬಿಚ್ಚಿ, ಕಾಲುಚೀಲ ಮಡಿಸಿ ಬೂಟೊಳಗಿಟ್ಟು, ಮೊದಲ ಹೆಜ್ಜೆ ಇಟ್ರು. ಎರಡನೇದೂ ಇಟ್ರು. ಮೂರನೇ ಹೆಜ್ಜೆಗೆ ಅವರ ಬಾಯಿಂದ ಒಂದು ಶಬ್ದ ಬಂತು. ಮೂವತ್ತೈದು ವರ್ಷದ ಸರ್ವಿಸ್‌ನಲ್ಲಿ ಅವರು ಎಷ್ಟೋ ಮಕ್ಕಳ ಬಾಯಿಂದ ಹೊರಡಿಸಿದ ಶಬ್ದ ಅದು, ಈಗ ಮೊದಲನೇ ಸಲ ತಮ್ಮ ಬಾಯಿಂದ್ಲೇ ಹೊರಟಿತ್ತು. ಮುಂದಕ್ಕೆ ಹೋಗೋ ಹಾಗಿಲ್ಲ, ಹಿಂದಕ್ಕೆ ಬರೋ ಹಾಗಿಲ್ಲ. ಕೊನೆಗೆ ಇಬ್ಬರು ಸೇರಿ ಬೀರು ಎತ್ತೋ ಥರ ಎತ್ತಿ ಹೊರಗಿಟ್ರು.

"ಅಭ್ಯಾಸ ಇಲ್ಲ ಪಾಪ" ಅಂದ್ರು ಮೇಸ್ತ್ರಿ. ಹೆಂಡ್ತಿ ಕಡೆ ತಿರುಗಿದ್ರು. "ಏ, ನೀನು ಹತ್ತೇ. ತೋರ್ಸು ಇವರಿಗೆ."

"ನಾನ್ಯಾಕ್ರೀ?"

"ನನ್ನ ಹೆಂಡ್ತಿ ಅಲ್ವೇನೇ!"

ಟೈಲರಮ್ಮ ಹತ್ತಿದ್ರು. ಎರಡೇ ಹೆಜ್ಜೆ. ಇಳಿದು ಹುಲ್ಲಿನ ಮೇಲೆ ಕೂತು ಪಾದ ಹಿಡ್ಕೊಂಡ್ರು. "ಇದು ದಾರಿಯಲ್ಲ, ಶಿಕ್ಷೆ! ಯಾರ ಮೇಲಿನ ದ್ವೇಷ ಇದು?"

ಸುತ್ತ ನಿಂತವರೆಲ್ಲ ನಕ್ಕರು. ಮೇಸ್ತ್ರಿಗೆ ರೇಗಿಹೋಯ್ತು. ಚಪ್ಪಲಿ ಆಚೆ ಒಗೆದು ಹತ್ತೇಬಿಟ್ರು. ನಲವತ್ತು ಅಡಿ ಹೋದ್ರು, ನಲವತ್ತು ಅಡಿ ಬಂದ್ರು. ಕೈ ಹಿಂದೆ, ತಲೆ ಮೇಲಕ್ಕೆ, ತುಟಿಯಲ್ಲಿ ನಗು. ಮೂರನೇ ಸುತ್ತಿಗೆ ಜನ ಸುಮ್ಮನಾದ್ರು, ಐದನೇ ಸುತ್ತಿಗೆ ಚಪ್ಪಾಳೆ. ಮಾರನೇ ದಿನ ಬೆಳಗ್ಗೆ ಅದನ್ನ ನೋಡೋಕೆ ಅಂತಲೇ ಹದಿನೈದು ಜನ ಬಂದಿದ್ರು. ಒಂದೇ ವಾರದಲ್ಲಿ 'ಉಕ್ಕಿನ ಪಾದ' ಅನ್ನೋ ಬಿರುದೂ ಸಿಕ್ತು. ಮೇಸ್ತ್ರಿ ದಿನಾ ಇಪ್ಪತ್ತು ಸುತ್ತು ಹಾಕೋರು, ಕೊನೆಯಲ್ಲಿ ಒಂದು ಸಣ್ಣ ಕುಣಿತ ಬೇರೆ.

ಅದೇ ವಾರ ಮನೆಯಲ್ಲಿ ಇಲಿ ಸತ್ತ ವಾಸನೆ ಶುರುವಾಯ್ತು.

"ಬೀರು ಹಿಂದೆ ಇರಬೇಕು ಕಣ್ರೀ" ಅಂದ್ರು ಟೈಲರಮ್ಮ. ಇಬ್ಬರೂ ಸೇರಿ ಬೀರು ಸರಿಸಿದ್ರು. ಇಲಿ ಇಲ್ಲ. ಮಂಚ ಎತ್ತಿದ್ರು, ಇಲ್ಲ. ಬಟ್ಟೆ ಮೂಟೆಯೆಲ್ಲ ಬಿಚ್ಚಿದ್ರು. ಬಚ್ಚಲಲ್ಲಿ ಹುಡುಕಿದ್ರೆ ವಾಸನೆ ಬಚ್ಚಲಲ್ಲಿ, ಹಾಲಿಗೆ ಬಂದ್ರೆ ಹಾಲಲ್ಲಿ.

"ಇದೆಂಥಾ ಇಲಿ ರೀ, ನಾವು ಹೋದಲ್ಲೆಲ್ಲ ಬರ್ತಿದೆ?"

"ಸತ್ತಿಲ್ಲ ಅನ್ಸುತ್ತೆ. ಕಾಯಿಲೆ ಬಿದ್ದು ಓಡಾಡ್ತಿದೆ" ಅಂದ್ರು ಮೇಸ್ತ್ರಿ, ಮಹಾ ಪಂಡಿತರ ಥರ. ಟಾರ್ಚ್ ಹಿಡ್ಕೊಂಡು ಒಲೆ ಕೆಳಗೆ ಬಗ್ಗಿದ್ರು. ಹಿಂದೆ ನಿಂತಿದ್ದ ಟೈಲರಮ್ಮನ ಕಣ್ಣು ನೆಲಕ್ಕೆ ಬಿತ್ತು. ಬಿಳೀ ಟೈಲಿನ ಮೇಲೆ ಕೆಂಪು ಚುಕ್ಕೆ. ಒಂದು ಹೆಜ್ಜೆ ಬಿಟ್ಟು ಇನ್ನೊಂದು. ಚುಕ್ಕೆ ಹಿಡ್ಕೊಂಡು ಹೋದ್ರು, ಹೋದ್ರು, ಒಲೆ ಮುಂದೆ ಬಗ್ಗಿದ್ದ ಗಂಡನ ಬಲಗಾಲಿಗೆ ಬಂದು ನಿಂತ್ರು.

"ರೀ. ಆ ಕುರ್ಚಿ ಮೇಲೆ ಕೂತ್ಕೊಳ್ಳಿ."

"ಇಲಿ..."

"ಕೂತ್ಕೊಳ್ಳಿ ಅಂದೆ."

ಪಾದ ಎತ್ತಿ ನೋಡಿದ್ರು. ಒಂದು ಬೆರಳು ಕಪ್ಪಗಾಗಿತ್ತು, ಪಕ್ಕದ್ದು ಆ ದಾರೀಲಿತ್ತು. ಹಿಮ್ಮಡಿಯ ಗಾಯದಲ್ಲಿ ಬೆಣಚುಕಲ್ಲಿನ ಚೂರೊಂದು ಪದಕದ ಥರ ಹೊಳೀತಿತ್ತು.

"ನೋವಿಲ್ವಾ?"

"ಎಂಥಾ ನೋವೇ? ದುಡಿಯೋ ಕಾಲು."

ಟೈಲರಮ್ಮ ಮೆಷಿನ್ ಹತ್ರ ಹೋಗಿ ಒಂದು ಸೂಜಿ ತಂದ್ರು. ಇನ್ನೊಂದು ಪಾದ ತೊಡೆ ಮೇಲಿಟ್ಟುಕೊಂಡು ಬಗ್ಗಿದ್ರು.

ಮೇಸ್ತ್ರಿ ಸ್ವಲ್ಪ ಹೊತ್ತು ಕಾದ್ರು. "ಚುಚ್ಚೋದಾದ್ರೆ ಬೇಗ ಚುಚ್ಚೇ. ಇಲಿ ಹುಡುಕೋದಿದೆ."

"ಮೂರು ಸಲ ಚುಚ್ಚಿ ಆಯ್ತು ಕಣ್ರೀ" ಅಂದ್ರು ಟೈಲರಮ್ಮ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸಣ್ಣ ನೈಲಾನ್ ಎಳೆ ತಗೊಂಡು, "ಕಣ್ಣು ಮುಚ್ಕೊಳ್ಳಿ. ಪಾದಕ್ಕೆ ಮುಟ್ಟಿದಾಗೆಲ್ಲ ಹೂಂ ಅನ್ನಿ" ಅಂದ್ರು. ಮೇಸ್ತ್ರಿಗೆ ಪರೀಕ್ಷೆ ಅಂದ್ರೆ ಮರ್ಯಾದೆ ಪ್ರಶ್ನೆ. ಕಣ್ಣು ಮುಚ್ಚಿ "ಹೂಂ" ಅಂದ್ರು. ತಡೆದು ಇನ್ನೊಂದು "ಹೂಂ". ಎರಡು ಒಟ್ಟಿಗೆ "ಹೂಂ, ಹೂಂ". ಹತ್ತು ಆದ ಮೇಲೆ ಕಣ್ಣು ಬಿಟ್ಟು, "ಪಾಸಾ?" ಅಂದ್ರು.

ಡಾಕ್ಟರಮ್ಮ ರೂಮಿನ ಆ ತುದಿಯಲ್ಲಿ ಕೈ ತೊಳೀತಿದ್ರು.

ಸಕ್ಕರೆ ಕಾಯಿಲೆ. ಯಾವತ್ತೂ ಪರೀಕ್ಷೆ ಮಾಡಿಸದೆ ಒಳಗೊಳಗೇ ಬೆಳೆದು, ಪಾದದ ನರಗಳನ್ನ ತಿಂದು ಮುಗಿಸಿತ್ತು. "ಎರಡು ಬೆರಳು ತೆಗೀಲೇಬೇಕು. ಇವತ್ತೇ. ತಡ ಮಾಡಿದ್ರೆ ಪಾದ ಹೋಗುತ್ತೆ, ಆಮೇಲೆ ಮಂಡಿವರೆಗೂ" ಅಂದ್ರು ಡಾಕ್ಟರಮ್ಮ.

ಮೇಸ್ತ್ರಿ ಬೆರಳಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಯಾವಾಗಿಂದ ಹೀಗಾಗಿದೆ ಡಾಕ್ಟ್ರೇ? ಈ ಸ್ಪರ್ಶ ಹೋಗಿ?"

"ನಾಲ್ಕೈದು ವರ್ಷ ಆಗಿರಬಹುದು. ನಿಧಾನಕ್ಕೆ ಹೋಗುತ್ತೆ, ಗೊತ್ತೇ ಆಗಲ್ಲ."

ನಾಲ್ಕೈದು ವರ್ಷ. ಆ ವರ್ಷಗಳಲ್ಲಿ ಹಾಕಿದ ನೆಲವೆಲ್ಲ ಆಪರೇಷನ್ ಟೇಬಲ್ಲಿನ ದೀಪದ ಕೆಳಗೆ ಮೇಸ್ತ್ರಿ ಕಣ್ಮುಂದೆ ಬಂತು. ಮೆಟ್ಟಿಲು, ಬಚ್ಚಲು, ಒಂದು ನರ್ಸರಿ ಶಾಲೆಯ ಇಡೀ ವರಾಂಡ. "ನೆಲ ಕಾಲಿಗೆ ತಾಗುತ್ತೆ ಮೇಸ್ತ್ರಿ" ಅಂತ ಎಷ್ಟು ಜನ ಬಂದು ಹೇಳಿದ್ರು! ಎಲ್ಲರಿಗೂ ಇವರು ಕೊಟ್ಟ ಉತ್ತರ ಒಂದೇ: "ನೆಲ ಸರಿಯಾಗಿದೆ, ನಿಮ್ಮ ಕಾಲು ರಿಪೇರಿ ಮಾಡ್ಸಿ."

ಎರಡು ಬೆರಳು ಆಸ್ಪತ್ರೆಯಲ್ಲೇ ಬಿಟ್ಟು ಮನೆಗೆ ಬಂದ್ರು. ಪಾರ್ಕಿನ ಕಲ್ಲುದಾರಿಗೆ ಅಷ್ಟೊತ್ತಿಗೆ ಹಗ್ಗ ಕಟ್ಟಿ 'ಪ್ರವೇಶವಿಲ್ಲ' ಅಂತ ಬೋರ್ಡ್ ಹಾಕಿದ್ರು. ಸಂಘದವರು ಬೇರೆ ಮೇಸ್ತ್ರಿ ನೋಡ್ತಿದಾರೆ ಅಂತ ಸುದ್ದಿ ಬಂದಿದ್ದೇ ತಡ, ನಮ್ಮವರು ಎದ್ದು ಕೂತ್ರು.

"ನಾನು ಹಾಕಿದ್ದನ್ನ ಇನ್ನೊಬ್ಬ ಕೀಳೋದಾ? ನಾನೇ ಸರಿ ಮಾಡ್ತೀನಿ."

"ಯಾವ ಕಾಲಲ್ಲಿ?" ಅಂದ್ರು ಟೈಲರಮ್ಮ.

ಮೇಸ್ತ್ರಿ ನೆಲ ನೋಡ್ತಾ ಕೂತ್ರು. ಟೈಲರಮ್ಮನೇ ಎದ್ದು, ಚಪ್ಪಲಿ ಹಾಕ್ಕೊಳ್ಳದೆ, "ನಡೀರಿ" ಅಂದ್ರು.

ಅವತ್ತು ಪಾರ್ಕಿನಲ್ಲಿ ನೋಡೋ ಹಾಗಿತ್ತು. ದಾರಿ ಪಕ್ಕ ಕುರ್ಚಿ ಹಾಕ್ಕೊಂಡು, ಬ್ಯಾಂಡೇಜ್ ಕಾಲು ಮುಂದೆ ಚಾಚಿ ಉಕ್ಕಿನ ಪಾದದವರು. ಸೀಮೆಸುಣ್ಣ ಹಿಡಿದು, ಹಲ್ಲು ಕಚ್ಚಿ, ಕಲ್ಲಿನ ಮೇಲೆ ಟೈಲರಮ್ಮ. ಹೆಜ್ಜೆಗೊಂದು "ಅಮ್ಮಾ", ಅಮ್ಮಾಗೊಂದು ಗುರುತು.

"ಇದು ತೆಗೀಬೇಕು. ಇದೂ. ಇದಂತೂ ಕೊಲೆಗಾರ."

"ಏ, ಅದು ಸರಿಯಾಗಿದೆ ಕಣೇ, ಅದನ್ನ ನಾನೇ ನಿಂತು..."

"ನಿಮಗೇನ್ರೀ ಗೊತ್ತು?"

ನಲವತ್ತಡಿಯಲ್ಲಿ ಗುರುತು ಬೀಳದ ಕಲ್ಲು ಹುಡುಕಿದ್ರೂ ಸಿಗಲಿಲ್ಲ. ಕಾರ್ಯದರ್ಶಿಗಳು ದೂರದಲ್ಲಿ, ಬೂಟು ಹಾಕ್ಕೊಂಡೇ ನಿಂತು, "ಅಮ್ಮಾವ್ರು ಕೆಲಸ ಬಲ್ಲವರು" ಅಂದಿದ್ದು ಮೇಸ್ತ್ರಿಗೆ ಚೆನ್ನಾಗೇ ಕೇಳಿಸ್ತು.

ಮನೆಗೆ ಬಂದು ಮೇಸ್ತ್ರಿ ಹಾಲಿನಲ್ಲಿ ಕುರ್ಚಿಗೆ ಒರಗಿದ್ರು. ಟೈಲರಮ್ಮ ಸೀಮೆಸುಣ್ಣ ಇನ್ನೂ ಕೆಳಗಿಟ್ಟಿರಲಿಲ್ಲ. ಬಾಗಿಲ ಹತ್ರ ಬಗ್ಗಿ ಒಂದು ಟೈಲಿಗೆ ಗೀಟು ಎಳೆದ್ರು. ಎರಡು ಹೆಜ್ಜೆ ಬಿಟ್ಟು ಇನ್ನೊಂದಕ್ಕೆ. ಅಡುಗೆಮನೆ ಹೊಸ್ತಿಲಲ್ಲಿ ಮೂರು. ಬಚ್ಚಲಿಗೆ ಹೋದವರು ಬೇಗ ಹೊರಗೇ ಬರಲಿಲ್ಲ.

"ಇದೇನೇ ಇದು?"

"ಈ ಮನೆ ನೆಲ ನೀವು ಹಾಕಿ ಎಷ್ಟು ವರ್ಷ ಆಯ್ತು?"

ಮೇಸ್ತ್ರಿ ಮನಸ್ಸಲ್ಲೇ ಲೆಕ್ಕ ಹಾಕಿದ್ರು. ಮೂರು. "ನಿನಗೆ ಯಾವಾಗಿಂದ ಗೊತ್ತು?" ಅಂದ್ರು ಮೆಲ್ಲಗೆ.

"ಹಾಕಿದ ದಿನದಿಂದ. ದಿನಾ ಎಡವ್ತೀನಲ್ಲ."

"ಮತ್ತೆ ಹೇಳೋದಲ್ವೇನೇ?"

"ಹೇಳ್ದೆ. ನಿನಗೆ ನಡೆಯೋಕೆ ಬರಲ್ಲ ಅಂದ್ರಿ. ಮೂರು ವರ್ಷದಿಂದ ನಡೆಯೋದು ಕಲೀತಿದೀನಿ."

ಮೇಸ್ತ್ರಿ ಮನೆ ತುಂಬಾ ಕಣ್ಣಾಡಿಸಿದ್ರು. ಕತ್ತರಿಸೋಕೆ ಗುರುತು ಹಾಕಿದ ಬಟ್ಟೆ ಥರ ಹರಡಿತ್ತು ನೆಲ. ಟೈಲರಮ್ಮ ಗೀಟು ಎಳೀತಾ ಎಳೀತಾ ಕುರ್ಚಿ ಹತ್ರ ಬಂದು ನಿಂತ್ರು. ಗಂಡನ ಬ್ಯಾಂಡೇಜ್ ಕಾಲನ್ನ ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ಹಿಡಿದು, ಕೆಳಗೆ ಇಣುಕಿದ್ರು.

"ಒಂಚೂರು ಆ ಕಡೆ ವಾಲ್ರಿ" ಅಂದ್ರು. "ನಿಮ್ಮ ಕೆಳಗೂ ಎರಡಿದೆ."