ಕಸವಿಲ್ಲದ ಶಾಲೆ ಮತ್ತು ನನ್ನ ಹಿತ್ತಲ ಮೆಟ್ಟಿಲು

ಬೆಳಕು ಹರಿಯುವ ಮುನ್ನ ನಾನು ನೀರು ತುಂಬಿಸಬೇಕು, ಹಾಲು ಕಾಯಿಸಬೇಕು, ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಬೇಕು, ಊಟದ ಡಬ್ಬಿಗಳನ್ನು ಕಟ್ಟಬೇಕು, ಆಮೇಲೆ, ಮೊನ್ನೆಮೊನ್ನೆಯವರೆಗೂ, ಒಂದು ಇಡೀ ಶಾಲೆಯ ಕಸವನ್ನು ಮಗುಚಬೇಕಿತ್ತು. ಈ ಕೊನೆಯ ಕೆಲಸ ಬೇರೆ ಯಾವ ಗೃಹಿಣಿಯ ಪಾಲಿಗೆ ಬಂದದ್ದನ್ನೂ ನಾನು ಕೇಳಿಲ್ಲ. ನನಗೆ ಅದನ್ನು ದಯಪಾಲಿಸಿದವರು ನಮ್ಮ ಯಜಮಾನರು. ಅವರು ವಿಜ್ಞಾನದ ಮೇಷ್ಟರು. ಈ ವರ್ಷ ಶಾಲೆಯ ಹಸಿರು ಸಮಿತಿಯ ಸಂಚಾಲಕರು ಕೂಡ.

ಸಂಚಾಲಕರು ಮೊದಲು ತರಗತಿಗಳ ಕಸದಬುಟ್ಟಿ ಎತ್ತಿಸಿದರು. ಆಮೇಲೆ ಗೇಟಿಗೆ ‘ಕಸವಿಲ್ಲದ ಶಾಲೆ’ ಎಂದು ಬೋರ್ಡು ಹಾಕಿಸಿದರು. ಬೋರ್ಡು ನೋಡಿದ ಮಾತ್ರಕ್ಕೆ ಮಕ್ಕಳು ತಿನ್ನುವುದನ್ನು ಬಿಡುತ್ತಾರೆಯೇ? ಹಣ್ಣಿನ ಸಿಪ್ಪೆ, ಡಬ್ಬಿಯಲ್ಲಿ ಉಳಿದ ಊಟ, ಪೆನ್ಸಿಲ್ಲಿನ ಹೊಟ್ಟು ಎಲ್ಲವೂ ದಿನಾ ಸಂಜೆ ಸ್ಕೂಟರ್ ಏರಿ ನಮ್ಮ ಮನೆಗೆ ಬರತೊಡಗಿದವು. ಶಾಲೆ ಕಸಮುಕ್ತವಾಯಿತು, ನಮ್ಮ ಹಿತ್ತಲಿಗೆ ಗೊಬ್ಬರದ ಡ್ರಮ್ಮುಗಳು ಬಂದವು.

ಆ ಹಿತ್ತಲಿನಲ್ಲಿ ಒಂದು ಮೆಟ್ಟಿಲಿದೆ. ಎಲ್ಲರೂ ಏಳುವ ಮುನ್ನ ಅಲ್ಲಿ ಕೂತು ಬಿಸಿ ಚಹಾ ಕುಡಿಯುವುದೊಂದೇ ದಿನದಲ್ಲಿ ನನ್ನದೆನ್ನಬಹುದಾದ ಗಳಿಗೆ. (ಉಳಿದವೆಲ್ಲ ಜಂಟಿ ಆಸ್ತಿ.) ಒಂದು ದಿನ ಅದರ ಮೇಲೂ ಡ್ರಮ್ಮು ಬಂದು ಕೂತಿತು.

“ರೀ, ನಾನೆಲ್ಲಿ ಕೂತ್ಕೊಳ್ಲಿ?” ಅಂದೆ.

“ಭೂಮಿ ಉಳಿದ್ರೆ ತಾನೇ ಕಣೇ, ಕೂರೋಕೆ ಜಾಗ?” ಅಂದರು, ಮೂಗು ಮುಚ್ಚಿಕೊಂಡೇ.

ಅವರು ಭೂಮಿ ಉಳಿಸಿದರು. ಒಣ ಎಲೆ ಬೆರೆಸಿ ಮಗುಚುವವಳು ನಾನಾದೆ.

ಹಸಿರು ಶಾಲೆಗಳಿಗೆ ಪ್ರಶಸ್ತಿ ಕೊಡುವ ತಂಡ ಶಾಲೆ ನೋಡಲು ಬರುವ ದಿನ ಮೇಷ್ಟರು ಹೊಸ ಅಂಗಿ ತೊಟ್ಟು ಹೊರಟರು. ಅವರ ಬೆನ್ನಿಗೇ ನಾನು ಗೂಡ್ಸ್ ಆಟೋ ಕರೆಸಿ, ಡ್ರಮ್ಮುಗಳನ್ನೆಲ್ಲ ಹೇರಿಸಿ, ಡ್ರೈವರ್ ಪಕ್ಕದಲ್ಲಿ ಕೂತೆ. ಅವರ ಮಾನ ಹೋದರೆ ಹೋಗಲಿ, ನನ್ನ ಮೆಟ್ಟಿಲು ಬಂದರೆ ಸಾಕು.

ಅಂಗಳದಲ್ಲಿ ತಂಡದ ಹಿರಿಯ ಹೆಂಗಸು, ಈ ಶಾಲೆಯ ಕಸವೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಿದ್ದರು. ಸಂಚಾಲಕರು ಆಕಾಶ ನೋಡುತ್ತಿದ್ದರು. ಅಷ್ಟರಲ್ಲಿ ಉತ್ತರವೇ ಆಟೋದಲ್ಲಿ ಬಂದಿಳಿಯಿತು.

“ತಗೊಳ್ಳಿ, ನಿಮ್ಮ ಶಾಲೇದು,” ಎಂದು ಮುಚ್ಚಳ ಎಳೆದೆ. ಗಬ್ಬು ನಾರುವ ಹೊಸ ಡ್ರಮ್ಮನ್ನೇ ತೆಗೆಯಬೇಕೆಂದಿದ್ದೆ. ಸಿಟ್ಟಿನ ಭರದಲ್ಲಿ ಕೈ ಹಾಕಿದ್ದು ಎಲ್ಲಕ್ಕಿಂತ ಹಳೆಯದಕ್ಕೆ. ಒಳಗೆ ಕಪ್ಪಗೆ, ಪುಡಿಪುಡಿಯಾದ, ಮಳೆ ಬಿದ್ದ ಮಣ್ಣಿನಂತೆ ಘಮ್ಮೆನ್ನುವ ಗೊಬ್ಬರ. ಆಕೆ ಒಂದು ಹಿಡಿ ಎತ್ತಿ ಮೂಸಿದರು. ಮುಖ ಅರಳಿತು. ಇದನ್ನು ಯಾರು ಮಾಡಿದ್ದೆಂದು ಕೇಳಿದರು.

ಮೇಷ್ಟರು ಆಕಾಶದಿಂದ ಇಳಿದರು. “ನಮ್ಮನೆಯವಳು, ಮೇಡಂ. ನಮ್ಮದು ಕುಟುಂಬ ಸಹಭಾಗಿತ್ವ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾನ ತೆಗೆಯಲು ಬಂದವಳಿಗೆ ಸನ್ಮಾನವಾಗಿಹೋಯಿತು. ಮುಖ್ಯೋಪಾಧ್ಯಾಯಿನಿ ಉತ್ಸಾಹದಿಂದ, ಪಕ್ಕದ ಶಾಲೆಯ ಕಸವನ್ನೂ ನಿಮ್ಮ ಮನೆಗೇ ಕಳಿಸೋಣವೇ ಎಂದರು.

“ಬೇಡ ಮೇಡಂ. ಡ್ರಮ್ಮು ಇನ್ಮೇಲೆ ಇಲ್ಲೇ ಇರ್ಲಿ,” ಅಂದೆ. “ದಿನಾ ಬೆಳಿಗ್ಗೆ ಬಂದು ಮಗುಚೋಕೆ ಸಂಚಾಲಕರು ಇದಾರಲ್ಲ.”

ಅದಕ್ಕೂ ಚಪ್ಪಾಳೆ ಬಿತ್ತು. ಹೊಸ ಅಂಗಿಯೊಳಗಿದ್ದವರು ಮಾತ್ರ ತಟ್ಟಲಿಲ್ಲ.

ಈಗ ಮೇಷ್ಟರು ಗೊಣಗುತ್ತಾ ನಸುಕಿನಲ್ಲೇ ಶಾಲೆಗೆ ಹೋಗುತ್ತಾರೆ. ನಾನು ನನ್ನ ಮೆಟ್ಟಿಲ ಮೇಲೆ ಕೂರುತ್ತೇನೆ. ವಾಸನೆಯಿಲ್ಲ, ನೊಣವಿಲ್ಲ, ಚಹಾ ಬಿಸಿಯಾಗಿದೆ. ಇಷ್ಟು ಸುಖ ಸಾಲದೇ? ಆದರೆ ಮೊದಲ ದಿನವೇ, ಸೋಸಿದ ಚಹಾ ಚರಟ ಹಿಡಿದ ಕೈ ತಾನಾಗಿಯೇ ಡ್ರಮ್ಮಿದ್ದ ಕಡೆಗೆ ಹೋಗಿ ಗಾಳಿಯಲ್ಲೇ ನಿಂತುಬಿಟ್ಟಿತು. ಬೀದಿಯ ತೊಟ್ಟಿಗೆ ಎಸೆಯಲು ಮನಸ್ಸು ಬರಲಿಲ್ಲ.

ಸುತ್ತ ನೋಡಿದೆ. ಮಗಳಿನ್ನೂ ಎದ್ದಿರಲಿಲ್ಲ. ಒಡೆದ ಹೂಕುಂಡವೊಂದನ್ನು ಮೆಟ್ಟಿಲಿನಿಂದ ಆದಷ್ಟು ದೂರದ ಮೂಲೆಗೆ ಎಳೆದು, ಚರಟ ಸುರಿದು, ಮೇಲೊಂದಿಷ್ಟು ಒಣ ಎಲೆ ಉದುರಿಸಿದೆ.

ಮೇಷ್ಟರಿಗೆ ಹೇಳಿಲ್ಲ. ಹೇಳಿದರೆ ಸಮಿತಿ ಮಾಡಿಬಿಡುತ್ತಾರೆ.